ಹೊಸದಾಗಿ ನರ್ಸ್ ಕೆಲಸಕ್ಕೆ ಸೇರುವವರು ಮೊದಲು ಏನನ್ನ ಕೈಗೆ ರೂಢಿ ಮಾಡ್ಕೋಬೇಕು?

ಹಾಸನದ_ಹೊಸಬಿ
ಎಲ್ಲರಿಗೂ ನಮಸ್ಕಾರ. ಬಿಎಸ್ಸಿ ನರ್ಸಿಂಗ್ ಮುಗಿದಿದೆ, ಕರ್ನಾಟಕ ರಾಜ್ಯ ಶುಶ್ರೂಷಾ ಪರಿಷತ್ತಿನ ನೋಂದಣಿಯೂ ಕೈಸೇರಿದೆ. ಮುಂದಿನ ತಿಂಗಳು 150 ಹಾಸಿಗೆಯ ಖಾಸಗಿ ಆಸ್ಪತ್ರೆಯೊಂದರಲ್ಲಿ ಸ್ಟಾಫ್ ನರ್ಸ್ ಆಗಿ ಸೇರಬೇಕು. ಜನರಲ್ ವಾರ್ಡ್ ಬೇಕಾ ಐಸಿಯು ಬೇಕಾ ಅಂತ ಕೇಳಿದ್ದಾರೆ. ಎಲ್ಲಿ ಸೇರಿದರೆ ಒಳ್ಳೇದು? ಇನ್ನೊಂದು ಪ್ರಶ್ನೆ: ಈ ಒಂದು ತಿಂಗಳಲ್ಲಿ ಏನು ತಯಾರಿ ಮಾಡ್ಕೊಳ್ಳಲಿ? ಕೇಳಿದವರೆಲ್ಲ "ಕ್ಯಾನುಲಾ (ಡ್ರಿಪ್ ಕೊಡೋಕೆ ರಕ್ತನಾಳಕ್ಕೆ ಹಾಕೋ ಸಣ್ಣ ಪ್ಲಾಸ್ಟಿಕ್ ನಳಿಗೆ) ಹಾಕೋದು ಕಲಿ, ಉಳಿದಿದ್ದು ತಾನಾಗೇ ಬರತ್ತೆ" ಅಂತಾರೆ. ನಿಜವಾ?

ರಾತ್ರಿ_ಪಾಳಿ
ಜನರಲ್ ವಾರ್ಡ್. ಎರಡನೇ ಯೋಚನೆ ಬೇಡ.

ಹುಬ್ಬಳ್ಳಿ_ಐಸಿಯು
ಹಂಗ ಒಂದ ಸಾಲಿನಾಗ ಮುಗಿಸಬ್ಯಾಡ್ರಿ. ಐಸಿಯುದಾಗ ಒಬ್ಬ ನರ್ಸಿನ ಕೈಯಾಗ ಒಬ್ಬರು ಇಲ್ಲಾ ಇಬ್ಬರು ಪೇಷಂಟ್. ವೆಂಟಿಲೇಟರ್ ಮ್ಯಾಲ ಇದ್ದವರಿಗೆ ಒಬ್ಬರಿಗೆ ಒಬ್ಬ ನರ್ಸ್ ಇರಬೇಕು. ತಾಸಿಗೊಮ್ಮೆ ವೈಟಲ್ಸ್ (ನಾಡಿ, ಬಿಪಿ, ಉಸಿರು, ಜ್ವರ), ಮಾನಿಟರ್ ಕಣ್ಣಮುಂದ, ಡಾಕ್ಟರ್ ಹತ್ತ ಹೆಜ್ಜಿ ದೂರದಾಗ. ಹೊಸಬರು ಏನರ ತಪ್ಪಿದ್ರೂ ಲಗೂನ ಯಾರಾದ್ರೂ ಹಿಡೀತಾರ. ಜನರಲ್ ವಾರ್ಡಿನಾಗ ರಾತ್ರಿ 20 ಪೇಷಂಟಿಗೆ ಒಬ್ಬಾಕಿ ಹುಡುಗಿನ್ನ ಬಿಟ್ರ ತಪ್ಪು ಹಿಡಿಯಾವ್ರು ಯಾರ್ರಿ?

ಮಲೆನಾಡ_ಸಿಸ್ಟರ್
ಬ್ರದರ್, ಐಸಿಯು ನೀವು ಹೇಳಿದ ಹಾಗೆ ನಡೀತಿದ್ರೆ ನಾನೂ ಒಪ್ತೀನಿ. ಎಷ್ಟು ಕಡೆ ಹೊಸಬರ ಕೈಗೆ ವೆಂಟಿಲೇಟರ್ ಪೇಷಂಟ್ ಜೊತೆ ಇನ್ನಿಬ್ಬರನ್ನ ಕೊಟ್ಟುಬಿಡ್ತಾರೆ! ಮಾನಿಟರ್ ಇಲ್ಲದೆ ಪೇಷಂಟ್ ಕೆಡ್ತಿದ್ದಾರೆ ಅಂತ ಗುರುತಿಸೋದು ವಾರ್ಡಿನಲ್ಲೇ ಬರೋ ವಿದ್ಯೆ. ಬೆಳಿಗ್ಗೆ ಮಾತಾಡ್ತಿದ್ದವರು ಮಧ್ಯಾಹ್ನ ಮಂಕಾಗಿದ್ದಾರೆ, ಅಂಗೈ ತಣ್ಣಗಿದೆ, ಯೂರಿನ್ ಬ್ಯಾಗ್ ಮೂರು ಗಂಟೆಯಿಂದ ಏರೇ ಇಲ್ಲ. ಕೆಜಿಗೆ ಗಂಟೆಗೆ ಅರ್ಧ ಎಂಎಲ್ ಲೆಕ್ಕ, ಅಂದ್ರೆ 60 ಕೆಜಿ ಇರೋರಿಗೆ ಗಂಟೆಗೆ 30 ಎಂಎಲ್ ಆದ್ರೂ ಬರಬೇಕು. ಬರ್ಲಿಲ್ಲ ಅಂದ್ರೆ ಮೊದಲು ಕ್ಯಾಥೆಟರ್ ನಳಿಗೆ ಮಡಚಿದೆಯಾ, ಪೇಷಂಟ್ ಅದರ ಮೇಲೆ ಮಲಗಿದಾರಾ ನೋಡಿ, ಆಮೇಲೆ ಡಾಕ್ಟರಿಗೆ ಹೇಳಿ.

ಹೊಸಬಿ, ಯಾವ ವಾರ್ಡ್ ಅನ್ನೋದಕ್ಕಿಂತ ಮುಂಚೆ ಇದನ್ನ ಕೇಳಮ್ಮ: ಓರಿಯೆಂಟೇಶನ್ (ಸೇರಿದ ಹೊಸದರಲ್ಲಿ ಕೆಲಸ ಕಲಿಸೋ ಅವಧಿ) ಎಷ್ಟು ದಿನ? ಆ ದಿನಗಳಲ್ಲಿ ನನ್ನನ್ನ ಹೆಚ್ಚುವರಿಯಾಗಿ ಇಡ್ತೀರಾ, ಡ್ಯೂಟಿ ಪಟ್ಟಿಯಲ್ಲಿ ಲೆಕ್ಕಕ್ಕೆ ಹಿಡೀತೀರಾ? ರಾತ್ರಿ ಡ್ಯೂಟಿ ಎಷ್ಟು ವಾರದ ನಂತರ? ರಾತ್ರಿ ಒಬ್ಬರಿಗೆ ಎಷ್ಟು ಹಾಸಿಗೆ? ಇದಕ್ಕೆ ನೇರವಾಗಿ ಉತ್ತರ ಕೊಡೋ ಜಾಗದಲ್ಲಿ ವಾರ್ಡಾದ್ರೂ ಸರಿ, ಐಸಿಯು ಆದ್ರೂ ಸರಿ.

ಮಂಡ್ಯ_ಜಿಎನ್‌ಎಂ
ಕ್ಯಾನುಲಾ ವಿಷಯಕ್ಕೆ ಬರೋಣ. ಅದೊಂದೇ ಸಾಕು ಅನ್ನೋದು ಸುಳ್ಳು, ಆದ್ರೆ ಬರ್ಲೇಬೇಕು. ಬಣ್ಣ, ಅಳತೆಯ ನಂಬರ್ ಬಾಯಿಪಾಠ ಇರ್ಲಿ: ಹಳದಿ 24, ನೀಲಿ 22, ಪಿಂಕ್ 20, ಹಸಿರು 18, ಬೂದು 16. ನಂಬರ್ ಜಾಸ್ತಿ ಆದಷ್ಟೂ ಸೂಜಿ ಸಣ್ಣ. ವಯಸ್ಸಾದವರ ಸೊರಗಿದ ರಕ್ತನಾಳಕ್ಕೆ 22, ರಕ್ತ ಕೊಡೋದಿದ್ರೆ, ಆಪರೇಷನ್ ಇದ್ರೆ 18 ಇಲ್ಲ 20.

ಹೊಸಬರು ಎಲ್ಲಿ ಎಡವೋದು ಅಂದ್ರೆ, ಫ್ಲಾಶ್‌ಬ್ಯಾಕ್ ಚೇಂಬರಿನಲ್ಲಿ (ಸೂಜಿಯ ಹಿಂದಿರೋ ಪಾರದರ್ಶಕ ಭಾಗ) ರಕ್ತ ಕಂಡ ತಕ್ಷಣ ಖುಷಿಯಾಗಿ ಪ್ಲಾಸ್ಟಿಕ್ ನೂಕಿಬಿಡ್ತಾರೆ. ಸೂಜಿ ತುದಿ ಪ್ಲಾಸ್ಟಿಕ್ ತುದಿಗಿಂತ ಒಂದಿಷ್ಟು ಮುಂದಿರತ್ತೆ. ರಕ್ತ ಕಂಡಾಗ ಸೂಜಿ ಮಾತ್ರ ಒಳಗಿದೆ, ಪ್ಲಾಸ್ಟಿಕ್ ಇನ್ನೂ ನಾಳದ ಗೋಡೆ ಹತ್ರಾನೇ. ಆಗ ಕೋನ ತಗ್ಗಿಸಿ, ಎರಡು ಮೂರು ಮಿಲಿಮೀಟರ್ ಇಡಿಯಾಗಿ ಮುಂದೆ ತಳ್ಳಿ, ಆಮೇಲೆ ಸೂಜಿ ಹಿಡಿದುಕೊಂಡು ಪ್ಲಾಸ್ಟಿಕ್ ಮಾತ್ರ ಜಾರಿಸಬೇಕು. ಇನ್ನೊಂದು, ಹಿಂದಕ್ಕೆ ಎಳೆದ ಸೂಜಿಯನ್ನ ಯಾವ ಕಾರಣಕ್ಕೂ ಮತ್ತೆ ಪ್ಲಾಸ್ಟಿಕ್ ಒಳಗೆ ತೂರಿಸಬೇಡಿ. ಪ್ಲಾಸ್ಟಿಕ್ ಸೀಳಿ ತುಂಡು ರಕ್ತದಲ್ಲಿ ಹೋಗತ್ತೆ.

ರಾತ್ರಿ_ಪಾಳಿ
ಎರಡು ಸಲ ಆಗ್ಲಿಲ್ವಾ, ಬೇರೆಯವರನ್ನ ಕರೀರಿ. ಮೂರನೇ ಚುಚ್ಚು ಬೇಡ. ಡಯಾಲಿಸಿಸ್ ಫಿಸ್ಟುಲಾ (ಡಯಾಲಿಸಿಸ್ಗಾಗಿ ಆಪರೇಷನ್ ಮಾಡಿ ಜೋಡಿಸಿದ ರಕ್ತನಾಳ) ಇರೋ ಕೈ ಮುಟ್ಟಬೇಡಿ, ಆ ಕೈಗೆ ಬಿಪಿ ಪಟ್ಟೀನೂ ಸುತ್ತಬೇಡಿ. ಸ್ತನ ತೆಗೆದ ಕಡೆಯ ಕೈಯನ್ನೂ ಬಿಡಿ.

ಕುಡ್ಲ_ಬ್ರದರ್
ಸ್ಪಿರಿಟ್ ಹಚ್ಚಿದ ಮೇಲೆ ಒಣಗಲಿಕ್ಕೆ 30 ಸೆಕೆಂಡ್ ಬಿಡಬೇಕು ಮಾರಾಯ್ರೆ. ಎಲ್ಲರೂ ಹಚ್ಚಿದ ಕೂಡಲೇ ಚುಚ್ಚುವುದು. ಒಣಗದೆ ಇದ್ರೆ ಕೀಟಾಣು ಸಾಯುವುದಿಲ್ಲ, ಪೇಷಂಟಿಗೆ ಉರಿ ಬೇರೆ.

ಪಾಠ_ಹೇಳುವವಳು
ಕ್ಯಾನುಲಾ ಹಾಕುವುದು ಒಂದು ವಾರ ತಡವಾಗಿ ಕೈಗೆ ಬಂದರೆ ಯಾರಿಗೂ ಪ್ರಾಣಾಪಾಯವಿಲ್ಲ, ಹಾಕಲು ಬಲ್ಲವರು ಪಕ್ಕದಲ್ಲಿ ಇರುತ್ತಾರೆ. ಔಷಧದ ಲೆಕ್ಕ ಮಾತ್ರ ಮೊದಲ ದಿನದಿಂದಲೇ ಸರಿ ಇರಬೇಕು. ಆದ್ದರಿಂದ ಈ ಒಂದು ತಿಂಗಳನ್ನು ಪೂರ್ತಿ ಲೆಕ್ಕಕ್ಕೆ ಮೀಸಲಿಡು ಎಂಬುದೇ ನನ್ನ ಸಲಹೆ.

ಡ್ರಿಪ್ ಲೆಕ್ಕ: ಎಂಎಲ್ ಅನ್ನು ಡ್ರಿಪ್ ಸೆಟ್ಟಿನ (ನಳಿಗೆಯ) ಹನಿ ಸಂಖ್ಯೆಯಿಂದ, ಅಂದರೆ ಒಂದು ಎಂಎಲ್ಗೆ ಅದು ಬೀಳಿಸುವ ಹನಿಗಳಿಂದ, ಗುಣಿಸಿ, ನಿಮಿಷಗಳಿಂದ ಭಾಗಿಸುವುದು. 500 ಎಂಎಲ್, 6 ಗಂಟೆ, 20 ಹನಿಯ ಸೆಟ್: 500 × 20 ÷ 360 = 27.8, ಅಂದರೆ ನಿಮಿಷಕ್ಕೆ 28 ಹನಿ. ವಾರ್ಡಿನಲ್ಲಿ ನಿಂತು ಇಷ್ಟೆಲ್ಲ ಬರೆಯಲು ಆಗುವುದಿಲ್ಲ. 20 ಹನಿಯ ಸೆಟ್ಟಿಗೆ ಗಂಟೆಯ ಎಂಎಲ್ ಅನ್ನು 3ರಿಂದ ಭಾಗಿಸಿದರೆ ನಿಮಿಷದ ಹನಿ ಸಿಗುತ್ತದೆ. ಮೈಕ್ರೋ ಸೆಟ್ 60 ಹನಿಯದು, ಅದರಲ್ಲಿ ಗಂಟೆಯ ಎಂಎಲ್ ಎಷ್ಟೋ ನಿಮಿಷದ ಹನಿಯೂ ಅಷ್ಟೇ.

ಕುಡ್ಲ_ಬ್ರದರ್
ಮೇಡಂ, ಸಣ್ಣ ತಿದ್ದುಪಡಿ. ಎಲ್ಲ ಮ್ಯಾಕ್ರೋ (ದೊಡ್ಡ ಹನಿಯ) ಸೆಟ್ಟೂ 20 ಹನಿಯದ್ದಲ್ಲ, 15 ಹನಿಯದ್ದೂ ಉಂಟು. ಅದಕ್ಕೆ 4ರಿಂದ ಭಾಗಿಸಬೇಕು. ನೀವು ಹೇಳಿದ 28 ಹನಿಯನ್ನು 15ರ ಸೆಟ್ಟಿನಲ್ಲಿ ಬಿಟ್ರೆ ಗಂಟೆಗೆ 112 ಎಂಎಲ್ ಹೋಗ್ತದೆ. 6 ಗಂಟೆಯ ಪಿಂಟ್ (500 ಎಂಎಲ್ ಬಾಟಲಿ) ನಾಲ್ಕೂವರೆ ಗಂಟೆಯಲ್ಲಿ ಖಾಲಿ. ಹೃದಯದ ತೊಂದರೆ ಇರುವವರಿಗೆ ಅದು ಸಣ್ಣ ವಿಷಯ ಅಲ್ಲ. ಪ್ಯಾಕೆಟ್ ಹರಿಯುವ ಮೊದಲು ಅದರ ಮೇಲೆ ಬರೆದದ್ದನ್ನು ಓದಬೇಕು.

ಪಾಠ_ಹೇಳುವವಳು
ಸರಿಯಾದ ಮಾತು. ಪ್ಯಾಕೆಟ್ ನೋಡಿಯೇ ಲೆಕ್ಕ ಹಾಕಬೇಕು.

ಹಾಸನದ_ಹೊಸಬಿ
ತುಂಬಾ ಉಪಯೋಗ ಆಯ್ತು ಮೇಡಂ. ಯಾವ ಔಷಧಗಳಿಗೆ ಮೊದಲು ಹೆದರಬೇಕು?

ಹುಬ್ಬಳ್ಳಿ_ಐಸಿಯು
ಎರಡು ಹೆಸರು ಬರಕೋರಿ: ಕೆಸಿಎಲ್, ಇನ್ಸುಲಿನ್.

ಕೆಸಿಎಲ್, ಅಂದ್ರ ಪೊಟ್ಯಾಸಿಯಂ ಕ್ಲೋರೈಡ್, 10 ಎಂಎಲ್ ಆಂಪ್ಯೂಲ್, 15 ಪರ್ಸೆಂಟ್. ಒಂದರಾಗ 20 ಮಿಲಿ ಈಕ್ವಿವಲೆಂಟ್ (ಪೊಟ್ಯಾಸಿಯಂ ಅಳತಿ) ಇರ್ತೈತಿ. ಸಿರಿಂಜಿನಾಗ ತುಂಬಿ ನೇರ ನರಕ್ಕ ಕೊಟ್ರ ಹೃದಯ ನಿಂತ ಹೊಕ್ಕೈತಿ. ಎಂದೂ ಪುಶ್ ಇಲ್ಲ. 500 ಎಂಎಲ್ ಸಲೈನಿಗೆ ಒಂದು ಆಂಪ್ಯೂಲ್, ಮಾನಿಟರ್ ಇಲ್ಲದ ವಾರ್ಡಿನಾಗ ತಾಸಿಗೆ 10 ಮಿಲಿ ಈಕ್ವಿವಲೆಂಟಕ್ಕಿಂತ ಹೆಚ್ಚು ಬ್ಯಾಡ, ಅಂದ್ರ ಆ ಪಿಂಟ್ ಕಡಿಮಿ ಅಂದ್ರ ಎರಡ ತಾಸು ನಡೀಬೇಕು. ಅದಕಿಂತ ದೊಡ್ಡ ತಪ್ಪು ಬ್ಯಾರೆನ ಐತಿ. ಓಡಾಕತ್ತಿದ್ದ ಪಿಂಟಿನಾಗ, ಅದು ತೂಗಹಾಕಿದ್ದಾಂಗ, ಕೆಳಗಿಂದ ಕೆಸಿಎಲ್ ಚುಚ್ಚತಾರ. ಕೆಸಿಎಲ್ ಭಾರ, ತಳದಾಗ ಕುಂದರತೈತಿ, ಕಲಸೂದಿಲ್ಲ. ಮೊದಲ ಹೋಗೂದ ಅದ. ಅಂದ್ರ ನೀವು ಗೊತ್ತಿಲ್ಲದ ಪುಶ್ ಕೊಟ್ಟಂಗಾತು. ಪಿಂಟ್ ಕೆಳಗ ಇಳಿಸಿ, ಸೆಟ್ ಬಂದ್ ಮಾಡಿ, ಕೆಸಿಎಲ್ ಹಾಕಿ, ಏಳೆಂಟು ಸರತಿ ತಲಿಕೆಳಗ ಮಾಡಿ ಕಲಸಿ, ಲೇಬಲ್ ಹಚ್ಚಿ ಆಮ್ಯಾಲ ತೂಗಹಾಕ್ರಿ. ಯೂರಿನ್ ಬರಾಕತ್ತೈತೋ ಇಲ್ಲೋ ಅನ್ನೂದನ್ನೂ ಮೊದಲ ನೋಡ್ರಿ.

ಮಲೆನಾಡ_ಸಿಸ್ಟರ್
ಇನ್ಸುಲಿನ್ ನಾನು ಹೇಳ್ತೀನಿ. ನಮ್ಮಲ್ಲಿ ವೈಯಲ್ ಹೆಚ್ಚಾಗಿ ಎಂಎಲ್‌ಗೆ 40 ಯೂನಿಟ್, ಪೆನ್ನಿನದು 100 ಯೂನಿಟ್. ಸಿರಿಂಜ್ ಕೂಡ ಎರಡು ಥರ: ಕೆಂಪು ಮುಚ್ಚಳದ್ದು 40ಕ್ಕೆ, ಕಿತ್ತಳೆ ಮುಚ್ಚಳದ್ದು 100ಕ್ಕೆ. ಅದಲುಬದಲಾದ್ರೆ ಏನಾಗತ್ತೆ ನೋಡಿ. 40ರ ವೈಯಲ್‌ನಿಂದ ಕಿತ್ತಳೆ ಸಿರಿಂಜಿನಲ್ಲಿ 20ರ ಗೆರೆವರೆಗೆ ಎಳೆದ್ರೆ ಹೋಗೋದು ಬರೀ 8 ಯೂನಿಟ್. 100ರ ಇನ್ಸುಲಿನ್ನನ್ನ ಕೆಂಪು ಸಿರಿಂಜಿನಲ್ಲಿ 20ರ ಗೆರೆವರೆಗೆ ಎಳೆದ್ರೆ 50 ಯೂನಿಟ್! ಎರಡನೇದರಲ್ಲಿ ಪೇಷಂಟ್ ಬೆಳಗಾಗೋದ್ರೊಳಗೆ ಎಚ್ಚರ ತಪ್ಪಬಹುದು. ಸಾದಾ 2 ಎಂಎಲ್ ಸಿರಿಂಜಿನಲ್ಲಿ ಅಂದಾಜು ಮಾಡಿ ಎಳೆಯೋದಂತೂ ಬೇಡವೇ ಬೇಡ.

ಸಿರಿಂಜ್ ಪಂಪಿಗೆ (ಔಷಧವನ್ನ ನಿಧಾನವಾಗಿ ತಾನೇ ಬಿಡೋ ಯಂತ್ರ) ಹಾಕೋವಾಗ 50 ಯೂನಿಟ್ ರೆಗ್ಯುಲರ್ ಇನ್ಸುಲಿನ್ ಬೇಕು ಅಂದ್ರೆ 40ರ ವೈಯಲ್‌ನಿಂದ 1.25 ಎಂಎಲ್, ಜೊತೆಗೆ 48.75 ಎಂಎಲ್ ನಾರ್ಮಲ್ ಸಲೈನ್. ಆಗ 1 ಎಂಎಲ್ ಅಂದ್ರೆ 1 ಯೂನಿಟ್. ನರಕ್ಕೆ ಕೊಡೋದು ತಿಳಿಯಾಗಿರೋ ರೆಗ್ಯುಲರ್ ಮಾತ್ರ, ಹಾಲಿನ ಬಣ್ಣದ್ದು ಅಲ್ಲ.

ಪಾಠ_ಹೇಳುವವಳು
ಇನ್ನೂ ಮೂರು ಸೇರಿಸುತ್ತೇನೆ. ಫಿಟ್ಸ್ ರೋಗಕ್ಕೆ ಕೊಡುವ ಫೆನಿಟಾಯಿನ್ ಅನ್ನು ನಾರ್ಮಲ್ ಸಲೈನಿನಲ್ಲಿ ಮಾತ್ರ ಬೆರೆಸಬೇಕು. ಡೆಕ್ಸ್‌ಟ್ರೋಸ್‌ನಲ್ಲಿ (ಸಕ್ಕರೆ ದ್ರಾವಣ) ಹಾಕಿದರೆ ಹರಳುಗಟ್ಟುತ್ತದೆ. ದೊಡ್ಡವರಿಗೆ ನಿಮಿಷಕ್ಕೆ 50 ಎಂಜಿಗಿಂತ ಬೇಗ ಕೊಡಬಾರದು. ಸೆಫ್ಟ್ರಿಯಾಕ್ಸೋನ್ ಎಂಬ ಆಂಟಿಬಯಾಟಿಕ್ ಅನ್ನು ರಿಂಗರ್ ಲ್ಯಾಕ್ಟೇಟ್ (ಒಂದು ಬಗೆಯ ಡ್ರಿಪ್ ದ್ರಾವಣ) ಓಡುತ್ತಿರುವ ಲೈನಿನಲ್ಲಿ ಕೊಡಬಾರದು, ಅದರಲ್ಲಿರುವ ಕ್ಯಾಲ್ಸಿಯಂ ಜೊತೆ ಸೇರಿ ಗಸಿಯಾಗುತ್ತದೆ. ವ್ಯಾಂಕೋಮೈಸಿನ್ (ಇದೂ ಆಂಟಿಬಯಾಟಿಕ್) 1 ಗ್ರಾಂ ಎಂದರೆ ಕನಿಷ್ಠ ಒಂದು ಗಂಟೆ. ಅವಸರ ಮಾಡಿದರೆ ಮುಖ, ಕುತ್ತಿಗೆ ಕೆಂಪಾಗಿ ತುರಿಕೆ ಬರುತ್ತದೆ, ಬಿಪಿ ಇಳಿಯುತ್ತದೆ.

ಅಡ್ರಿನಲಿನ್ 1 ಎಂಎಲ್ ಆಂಪ್ಯೂಲಿನಲ್ಲಿ 1 ಎಂಜಿ ಇರುತ್ತದೆ. ತೀವ್ರ ಅಲರ್ಜಿಗೆ ದೊಡ್ಡವರಲ್ಲಿ ಅರ್ಧ ಎಂಜಿ, ತೊಡೆಯ ಹೊರಭಾಗದ ಸ್ನಾಯುವಿಗೆ. ಹೃದಯ ನಿಂತಾಗ 1 ಎಂಜಿ, ನರಕ್ಕೆ, 3ರಿಂದ 5 ನಿಮಿಷಕ್ಕೊಮ್ಮೆ. ನಾಡಿ ಇರುವ ಅಲರ್ಜಿ ರೋಗಿಗೆ ಗಾಬರಿಯಲ್ಲಿ ಪೂರ್ತಿ ಆಂಪ್ಯೂಲನ್ನು ನರಕ್ಕೆ ಕೊಡುವುದು ಮಾರಕ ತಪ್ಪು.

ಲ್ಯಾಬ್_ಹುಡುಗ
ನರ್ಸ್ ಅಲ್ಲ, ಲ್ಯಾಬಿನವನು. ಆದ್ರೂ ಹೇಳ್ಲೇಬೇಕು. ಡ್ರಿಪ್ ಓಡ್ತಿರೋ ಕೈಯಿಂದ ರಕ್ತ ತೆಗೆದು ಕಳಿಸ್ತಾರೆ. ಡೆಕ್ಸ್‌ಟ್ರೋಸ್ ಓಡ್ತಿದ್ರೆ ಶುಗರ್ 500 ಬರತ್ತೆ, ಅದನ್ನ ನಂಬಿ ಇನ್ಸುಲಿನ್ ಬರೆದ್ರೆ ಗತಿ ಏನು? ಬೇರೆ ಕೈಯಿಂದ ತೆಗೀರಿ.

ರಕ್ತ ತುಂಬೋ ಟ್ಯೂಬಿನ ಸರದಿ, ಮುಚ್ಚಳದ ಬಣ್ಣದಲ್ಲಿ: ನೀಲಿ, ಆಮೇಲೆ ಕೆಂಪು ಅಥವಾ ಹಳದಿ, ಹಸಿರು, ನೇರಳೆ, ಕೊನೆಗೆ ಬೂದು. ನೇರಳೆಯಲ್ಲಿ ಇಡಿಟಿಎ (ರಕ್ತ ಹೆಪ್ಪುಗಟ್ಟದ ಹಾಗೆ ತಡೆಯೋ ರಾಸಾಯನಿಕ) ಪೊಟ್ಯಾಸಿಯಂ ಉಪ್ಪಿನ ರೂಪದಲ್ಲಿ ಇರತ್ತೆ, ಅದರ ಒಂದು ಹನಿ ಕೆಂಪು ಟ್ಯೂಬಿಗೆ ಸೇರಿದ್ರೂ ಪೊಟ್ಯಾಸಿಯಂ ಸುಳ್ಳು ಸುಳ್ಳೇ ಏರತ್ತೆ, ಕ್ಯಾಲ್ಸಿಯಂ ಇಳಿಯತ್ತೆ. ನೇರಳೆಯಲ್ಲಿ ಜಾಸ್ತಿ ಆಯ್ತು ಅಂತ ಕೆಂಪಿಗೆ ಸುರಿಯೋರೂ ಇದ್ದಾರೆ, ದಯವಿಟ್ಟು ಬೇಡ. ನೀಲಿ ಟ್ಯೂಬನ್ನ ಗೆರೆವರೆಗೆ ತುಂಬಿಸಿ, ಅರ್ಧ ತುಂಬಿದ್ರೆ ರಕ್ತ ಹೆಪ್ಪುಗಟ್ಟೋ ಪರೀಕ್ಷೆಯಾದ ಪಿಟಿ ಐಎನ್‌ಆರ್ ಲೆಕ್ಕಕ್ಕೆ ಬರಲ್ಲ. ಲೇಬಲ್‌ನ ಹಾಸಿಗೆ ಪಕ್ಕದಲ್ಲೇ ಅಂಟಿಸಿ, ನರ್ಸಿಂಗ್ ಸ್ಟೇಷನ್ನಿಗೆ ಹೋಗಿ ಅಲ್ಲ. ಒಂದೇ ವಾರ್ಡಿನಲ್ಲಿ ಇಬ್ಬರು ಲಕ್ಷ್ಮಮ್ಮ ಇರೋದು ನಮ್ಮೂರಲ್ಲಿ ಮಾಮೂಲು, ಐಪಿ ನಂಬರ್ (ಆಸ್ಪತ್ರೆಗೆ ದಾಖಲಾದಾಗ ಕೊಡೋ ನಂಬರ್) ನೋಡಿ.

ಮಂಡ್ಯ_ಜಿಎನ್‌ಎಂ
ಹೌದು, ಬೆರಳು ಚುಚ್ಚಿ ಶುಗರ್ ನೋಡೋವಾಗ್ಲೂ ಅಷ್ಟೇ. ಬಾಳೆಹಣ್ಣು ತಿಂದ ಕೈಯನ್ನ ಬರೀ ಸ್ಪಿರಿಟ್‌ನಲ್ಲಿ ಒರೆಸಿದ್ರೆ ಸಾಲದು, ನೀರಲ್ಲಿ ತೊಳೆಸಿ ಒಣಗಿಸಿ ಆಮೇಲೆ ಚುಚ್ಚಿ.

ರಾತ್ರಿ_ಪಾಳಿ
ಟಿಪಿಆರ್ (ಜ್ವರ, ನಾಡಿ, ಉಸಿರಾಟ) ಚಾರ್ಟಿನಲ್ಲಿ ಉಸಿರಾಟ ಎಲ್ಲರಿಗೂ 20 ಅಂತ ಬರೆಯೋ ಚಾಳಿ ಕಲೀಬೇಡಿ.

ಮಂಡ್ಯ_ಜಿಎನ್‌ಎಂ
30 ಪೇಷಂಟಿಗೆ ಒಂದೊಂದು ನಿಮಿಷ ಉಸಿರು ಎಣಿಸಿದ್ರೆ ಅರ್ಧ ಗಂಟೆ ಅದಕ್ಕೇ ಹೋಗತ್ತೆ. ಔಷಧ ಯಾರು ಕೊಡೋದು? ಪುಸ್ತಕದ ಮಾತು ಬೇರೆ, ವಾರ್ಡ್ ಬೇರೆ.

ರಾತ್ರಿ_ಪಾಳಿ
ಎಣಿಸಕ್ಕೆ ಆಗ್ಲಿಲ್ಲ ಅಂದ್ರೆ ಖಾಲಿ ಬಿಡಿ. ಸುಳ್ಳು ಬರೆದ್ರೆ ಡಾಕ್ಟರ್ ಅದನ್ನ ನಂಬ್ತಾರೆ. ಬಿಪಿ ಬೀಳೋದು ಕೊನೆಗೆ, ಉಸಿರು ಏರೋದು ಮೊದಲು. ಬೆಳಿಗ್ಗೆ 18 ಇದ್ದದ್ದು ಸಂಜೆ 26 ಆಗಿದ್ರೆ, ಸೋಂಕು ರಕ್ತಕ್ಕೆ ಹರಡ್ತಿರಬಹುದು, ಶ್ವಾಸಕೋಶದಲ್ಲಿ ನೀರು ತುಂಬ್ತಿರಬಹುದು. ನೀವು 20 ಬರೆದು ಆ ಸೂಚನೆಯನ್ನೇ ಅಳಿಸಿದ ಹಾಗೆ.

ಮಲೆನಾಡ_ಸಿಸ್ಟರ್
ಇಬ್ಬರೂ ಜಗಳ ಆಡಬೇಡಿ, ದಾರಿ ಇದೆ. ನಾಡಿ ಹಿಡಿದ ಕೈ ಹಾಗೇ ಇಟ್ಕೊಂಡು ಎದೆ ನೋಡ್ತಾ ಉಸಿರು ಎಣಿಸಿ. ಎಣಿಸ್ತಿದ್ದೀವಿ ಅಂತ ಗೊತ್ತಾದ್ರೆ ಜನ ಉಸಿರಾಟ ಬದಲಿಸ್ತಾರೆ, ಹಾಗಾಗಿ ಇದೇ ಒಳ್ಳೇ ಉಪಾಯ. ಆರಾಮಾಗಿ ಕೂತು ಇಡೀ ವಾಕ್ಯ ಮಾತಾಡ್ತಿರೋರಿಗೆ ಅರ್ಧ ನಿಮಿಷ ಎಣಿಸಿ ಎರಡರಿಂದ ಗುಣಿಸಿ. ಮಾತಿನ ಮಧ್ಯೆ ಉಸಿರು ಎಳ್ಕೊಳ್ಳೋರು, ಆಪರೇಷನ್ ಆದವರು, ಜ್ವರ ಇರೋರಿಗೆ ಪೂರ್ತಿ ನಿಮಿಷ.

ಮಂಡ್ಯ_ಜಿಎನ್‌ಎಂ
ಇದು ಒಪ್ಪೋ ಮಾತು.

ಹುಬ್ಬಳ್ಳಿ_ಐಸಿಯು
ಉಸಿರಿನ ಮಾತು ಬಂತಲ್ಲ, ಆಕ್ಸಿಜನ್ ಮಾಸ್ಕಿಂದೂ ಹೇಳಿ ಬಿಡ್ತೀನಿ. ಮೂಗಿನ ನಳಿಗಿಗೆ ನಿಮಿಷಕ್ಕ 1ರಿಂದ 6 ಲೀಟರ್. ಸಾದಾ ಮಾಸ್ಕಿಗೆ 5ಕ್ಕಿಂತ ಕಡಿಮಿ ಇಡಬ್ಯಾಡ್ರಿ, ಬಿಟ್ಟ ಉಸಿರ ಒಳಗ ಉಳಕೊಂಡು ಮತ್ತ ಅದನ್ನ ಎಳಕೋತಾರ. ಚೀಲ ಇರೋ ಮಾಸ್ಕಿಗೆ, ಎನ್‌ಆರ್‌ಬಿಎಂ ಅಂತೀವಲ್ಲ, 10ರಿಂದ 15 ಲೀಟರ್. ಮದಲ ಚೀಲ ಉಬ್ಬಿಸಿ ಆಮ್ಯಾಲ ಮುಖಕ್ಕ ಹಾಕಬೇಕು. ಅದನ್ನ ಹಾಕಿ 5 ಲೀಟರ್ ಇಟ್ಟು, ಚೀಲ ಚಪ್ಪಟಿ ಆಗಿದ್ದು ಭಾಳ ಕಡೆ ಕಾಣ್ತೈತಿ. ಹಳೇ ಬೀಡಿ ಸೇದವರು, ಸಿಒಪಿಡಿ (ಹಳೇ ಶ್ವಾಸಕೋಶದ ಕಾಯಿಲೆ) ಇದ್ದವರಿಗೆ ಸ್ಯಾಚುರೇಶನ್ (ರಕ್ತದಾಗಿನ ಆಕ್ಸಿಜನ್ ಶೇಕಡಾ) 88ರಿಂದ 92 ಸಾಕು, 100 ಮಾಡಾಕ ಹೋಗಬ್ಯಾಡ್ರಿ.

ಬೆರಳ ತಣ್ಣಗಿದ್ರ, ಉಗುರಿಗೆ ಬಣ್ಣ ಇದ್ರ ಸ್ಯಾಚುರೇಶನ್ ತಪ್ಪು ತೋರಸ್ತೈತಿ. ಮಾನಿಟರಿನ್ಯಾಗ ಅಲಿ ಸರಿಯಾಗಿ ಬರಾಕತ್ತೈತೇನು ನೋಡಿ, ಆಮ್ಯಾಲ ಅಂಕಿ ನಂಬ್ರಿ.

ಹಾಸನದ_ಹೊಸಬಿ
ಸೂಜಿ ಚುಚ್ಚಿಕೊಂಡ್ರೆ ಅನ್ನೋ ಭಯ ಇದೆ. ಆಗ ಏನು ಮಾಡ್ಬೇಕು?

ಮಂಡ್ಯ_ಜಿಎನ್‌ಎಂ
ಹಿಂಡಿ ರಕ್ತ ತೆಗೆದು ಸ್ಪಿರಿಟ್ ಹಾಕಿ, 72 ಗಂಟೆ ಒಳಗೆ ಮಾತ್ರೆ ಶುರು ಮಾಡ್ಬೇಕು.

ಸೋಂಕು_ನಿಯಂತ್ರಣ
ಇಲ್ಲ, ಹಿಂಡಲೂಬಾರದು, ಸ್ಪಿರಿಟ್ ಹಚ್ಚಲೂಬಾರದು. ಹರಿಯೋ ನೀರು, ಸೋಪು, ಅಷ್ಟೇ. ಕಣ್ಣಿಗೆ ರಕ್ತ ಚಿಮ್ಮಿದ್ರೆ ಬರೀ ನೀರು ಅಥವಾ ಸಲೈನ್. 72 ಗಂಟೆ ಅನ್ನೋದು ಕೊನೆಯ ಗಡುವು. ಎಚ್‌ಐವಿ ತಡೆ ಮಾತ್ರೆಯನ್ನ ಎರಡು ಗಂಟೆ ಒಳಗೆ ಶುರು ಮಾಡೋದು ಉತ್ತಮ, ತಡವಾದಷ್ಟೂ ಕೆಲಸ ಮಾಡೋದು ಕಡಿಮೆ. ಶುರು ಮಾಡಿದ್ರೆ 28 ದಿನ ಪೂರ್ತಿ ತಗೋಬೇಕು. ಇನ್‌ಚಾರ್ಜಿಗೆ ಹೇಳಿ, ಘಟನೆಯ ಫಾರಂ ತುಂಬಿಸಿ, ಆ ಪೇಷಂಟಿನ ಎಚ್‌ಐವಿ, ಹೆಪಟೈಟಿಸ್ ಬಿ, ಸಿ ವರದಿ ನೋಡಿಸಿ. ನಿಮ್ಮ ರಕ್ತವನ್ನೂ ಅವತ್ತೇ ಕೊಡಿ. ಬೈತಾರೆ ಅಂತ ಮುಚ್ಚಿಡೋದೇ ಇದರಲ್ಲಿ ದೊಡ್ಡ ಅಪಾಯ.

ಹೊಸಬಿ, ಕೆಲಸಕ್ಕೆ ಸೇರೋ ಮೊದಲೇ ಹೆಪಟೈಟಿಸ್ ಬಿ ಲಸಿಕೆ 0, 1, 6 ತಿಂಗಳ ಮೂರೂ ಡೋಸ್ ಆಗಿದೆಯಾ ನೋಡಿ. ಆಗಿದ್ರೆ ಟೈಟರ್ (ರಕ್ತದಲ್ಲಿ ಲಸಿಕೆಯ ರಕ್ಷಣೆ ಎಷ್ಟಿದೆ ಅನ್ನೋ) ಪರೀಕ್ಷೆ ಮಾಡಿಸಿ. 10 ಅಥವಾ ಅದಕ್ಕಿಂತ ಹೆಚ್ಚು ಬಂದ್ರೆ ರಕ್ಷಣೆ ಇದೆ ಅಂತ.

ಸೂಜಿ ಹೆಚ್ಚಾಗಿ ಚುಚ್ಚೋದು ಬಳಸಿದ ಸೂಜಿಗೆ ಮತ್ತೆ ಮುಚ್ಚಳ ಹಾಕೋವಾಗ, ಕಸ ವಿಂಗಡಿಸೋವಾಗ. ಸೂಜಿ ಎಲ್ಲಿ ಬಳಸ್ತೀರೋ ಅಲ್ಲಿಗೇ ಬಿಳಿ ಡಬ್ಬ ತಗೊಂಡು ಹೋಗಿ. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮದ ಪ್ರಕಾರ ಬಿಳಿ ಡಬ್ಬ ಸೂಜಿ, ಬ್ಲೇಡಿಗೆ. ಕೆಂಪು ಪ್ಲಾಸ್ಟಿಕ್‌ಗೆ: ಡ್ರಿಪ್ ಸೆಟ್, ಕ್ಯಾಥೆಟರ್, ಸೂಜಿ ತೆಗೆದ ಸಿರಿಂಜ್, ಗ್ಲೋವ್ಸ್. ಹಳದಿ ರಕ್ತ ಹತ್ತಿದ ಹತ್ತಿ, ಬಟ್ಟೆ, ದೇಹದ ಭಾಗಗಳಿಗೆ. ನೀಲಿ ಗಾಜಿಗೆ. ಡ್ರೆಸ್ಸಿಂಗ್ ಟ್ರೇಯಲ್ಲಿ ಹತ್ತಿ ಕೆಳಗೆ ಸೂಜಿ ಬಿಟ್ಟು ಹೋದ್ರೆ ಚುಚ್ಚೋದು ಆಯಾ ಅಮ್ಮನಿಗೆ. ಎಷ್ಟೋ ಕಡೆ ಅವರಿಗೆ ಲಸಿಕೆಯೂ ಆಗಿರಲ್ಲ.

ಕುಡ್ಲ_ಬ್ರದರ್
ಕೊನೆಯ ಮಾತು ಎಲ್ಲರೂ ಓದಬೇಕು.

ಹಾಸನದ_ಹೊಸಬಿ
ಸಂಬಳದ ಬಗ್ಗೆ ಕೇಳಬಹುದಾ? ಎರಡು ವರ್ಷದ ಬಾಂಡ್, ಒರಿಜಿನಲ್ ಮಾರ್ಕ್ಸ್ ಕಾರ್ಡ್ ಕೊಡಿ ಅಂತಿದ್ದಾರೆ.

ರಾತ್ರಿ_ಪಾಳಿ
ಒರಿಜಿನಲ್ ಕೊಡಬೇಡಿ. ತೋರಿಸಿ, ಜೆರಾಕ್ಸ್ ಕೊಡಿ, ವಾಪಸ್ ತಗೊಳ್ಳಿ.

ಪಾಠ_ಹೇಳುವವಳು
ಮೂಲ ಪ್ರಮಾಣಪತ್ರ ಹಿಡಿದಿಟ್ಟುಕೊಳ್ಳುವುದರ ವಿರುದ್ಧ ಭಾರತೀಯ ಶುಶ್ರೂಷಾ ಪರಿಷತ್ತು ಸುತ್ತೋಲೆ ಹೊರಡಿಸಿದೆ. ಅದರ ಪ್ರತಿಯನ್ನು ಜೊತೆಗಿಟ್ಟುಕೊಂಡು ವಿನಯದಿಂದಲೇ ಮಾತನಾಡು. ಸಂಬಳದ ವಿಷಯದಲ್ಲಿ, 2016ರಲ್ಲಿ ಸುಪ್ರೀಂ ಕೋರ್ಟ್ ನಿರ್ದೇಶನದಂತೆ ಕೇಂದ್ರ ಸರ್ಕಾರ ರಚಿಸಿದ ಸಮಿತಿ ಖಾಸಗಿ ಆಸ್ಪತ್ರೆಗಳಿಗೆ ಶಿಫಾರಸು ಮಾಡಿತು. 200ಕ್ಕಿಂತ ಹೆಚ್ಚು ಹಾಸಿಗೆ ಇದ್ದರೆ ಆ ರಾಜ್ಯದ ಸರ್ಕಾರಿ ನರ್ಸಿನ ಸಮಾನ ಸಂಬಳ, 100 ದಾಟಿದ್ದರೆ ಅದಕ್ಕಿಂತ ಶೇ. 10ಕ್ಕಿಂತ ಹೆಚ್ಚು ಕಡಿಮೆ ಇರಬಾರದು, 50ರಿಂದ 100 ಇದ್ದರೆ ಶೇ. 25ಕ್ಕಿಂತ ಹೆಚ್ಚು ಕಡಿಮೆ ಇರಬಾರದು, 50ಕ್ಕಿಂತ ಚಿಕ್ಕದಾದರೆ ತಿಂಗಳಿಗೆ ಕನಿಷ್ಠ 20,000 ರೂಪಾಯಿ.

ಮಂಡ್ಯ_ಜಿಎನ್‌ಎಂ
ಶಿಫಾರಸು ಕಾಗದದ ಮೇಲೇ ಉಳಿದಿದೆ ಮೇಡಂ. ಅದರ ಅರ್ಧಕ್ಕೆ ದುಡಿಯೋ ಹುಡುಗೀರು ಪ್ರತಿ ಜಿಲ್ಲೆಯಲ್ಲೂ ಇದ್ದಾರೆ. ಇದನ್ನ ಕೇಳೋರೇ ಇಲ್ಲದಿರೋದು ಹೊಟ್ಟೆ ಉರಿಸತ್ತೆ.

ಪಾಠ_ಹೇಳುವವಳು
ಒಪ್ಪುತ್ತೇನೆ. ಹಾಗಿದ್ದರೂ ಅಂಕಿ ಗೊತ್ತಿರಲಿ, ಕೇಳಲು ಆಧಾರ ಬೇಕಲ್ಲ. ನೇಮಕಾತಿ ಪತ್ರದಲ್ಲಿ ಪಿಎಫ್, ಇಎಸ್‌ಐ, ವಾರದ ರಜೆ, ಬಾಂಡ್ ಮುರಿದರೆ ಎಷ್ಟು ಹಣ ಎಂಬುದೆಲ್ಲ ಬರಹದಲ್ಲಿ ಇದೆಯೇ ನೋಡಿ ಸಹಿ ಹಾಕಬೇಕು.

ಮಸ್ಕತ್_ಕನ್ನಡತಿ
ಮುಂದೆ ಗಲ್ಫ್ ಯೋಚನೆ ಇದ್ರೆ ಮೊದಲ ದಿನದಿಂದಲೇ ಕಾಗದ ಜೋಪಾನ. ಬಹಳ ಕಡೆ ಎರಡು ವರ್ಷದ ಅನುಭವ ಕೇಳ್ತಾರೆ, ಡೇಟಾಫ್ಲೋ ಅನ್ನೋ ಪರಿಶೀಲನೆಯಲ್ಲಿ ಆಸ್ಪತ್ರೆಗೇ ಪತ್ರ ಹೋಗತ್ತೆ. ಅನುಭವ ಪತ್ರದಲ್ಲಿ ವಿಭಾಗ, ಹಾಸಿಗೆ ಸಂಖ್ಯೆ, ಸೇರಿದ ಮತ್ತು ಬಿಟ್ಟ ತಾರೀಖು, ಹುದ್ದೆ ಸರಿಯಾಗಿ ಇರಬೇಕು. ಪಾಸ್‌ಪೋರ್ಟಿನ ಹೆಸರು, ಮಾರ್ಕ್ಸ್ ಕಾರ್ಡಿನ ಹೆಸರು, ಪರಿಷತ್ತಿನ ನೋಂದಣಿಯ ಹೆಸರು ಮೂರೂ ಒಂದೇ ಥರ ಇರ್ಲಿ. ನಮ್ಮ ಕಡೆ ತಂದೆಯ ಹೆಸರಿನ ಇನಿಷಿಯಲ್‌ನಿಂದಲೇ ತೊಂದರೆ ಶುರು. ಏಜೆಂಟ್ ಲಕ್ಷಗಟ್ಟಲೆ ಕೇಳಿದ್ರೆ ಎದ್ದು ಬನ್ನಿ, ನೋಂದಾಯಿತ ಏಜೆಂಟ್ ತಗೋಬಹುದಾದ್ದು 30,000 ರೂಪಾಯಿ ಮತ್ತು ಜಿಎಸ್‌ಟಿ ಮಾತ್ರ.

ಕುಡ್ಲ_ಬ್ರದರ್
ಇಲ್ಲೇ ಇರುವವರಿಗೆ ಏಮ್ಸ್ ನಡೆಸುವ ನರ್ಸ್ ನೇಮಕಾತಿ ಪರೀಕ್ಷೆ ನಾರ್ಸೆಟ್ ಉಂಟಲ್ಲ. ಬಿಎಸ್ಸಿಯವರಿಗೆ ಅನುಭವ ಬೇಡ. ಜಿಎನ್‌ಎಂ (ನರ್ಸಿಂಗ್ ಡಿಪ್ಲೊಮಾ) ಆದವರಿಗೆ ಕನಿಷ್ಠ 50 ಹಾಸಿಗೆಯ ಆಸ್ಪತ್ರೆಯಲ್ಲಿ ಎರಡು ವರ್ಷದ ಅನುಭವ ಬೇಕು. ಹಾಗಾಗಿ ಜಿಎನ್‌ಎಂನವರು 20 ಹಾಸಿಗೆಯ ನರ್ಸಿಂಗ್ ಹೋಮಿಗೆ ಸೇರುವ ಮೊದಲು ಯೋಚಿಸಿ.

ರಾತ್ರಿ_ಪಾಳಿ
ವಿಷಯ ಎಲ್ಲೆಲ್ಲೋ ಹೋಯ್ತು. ಹ್ಯಾಂಡೋವರ್ (ಪಾಳಿ ಬದಲಾಗುವಾಗ ಪೇಷಂಟುಗಳನ್ನ ಒಪ್ಪಿಸೋದು) ಬಗ್ಗೆ ಯಾರೂ ಹೇಳ್ಲೇ ಇಲ್ಲ.

ಮಲೆನಾಡ_ಸಿಸ್ಟರ್
ಹೇಳ್ತೀನಿ. ಓವರ್ ತಗೊಳ್ಳೋದು ಹಾಸಿಗೆ ಪಕ್ಕದಲ್ಲಿ ನಿಂತು, ಸ್ಟೇಷನ್ನಿನಲ್ಲಿ ಕೂತು ಅಲ್ಲ. ಜೇಬಿನಲ್ಲಿ ಮಡಚಿದ ಒಂದು ಹಾಳೆ ಇರ್ಲಿ, ಹಾಸಿಗೆಗೊಂದು ಅಡ್ಡಸಾಲು: ಹೆಸರು, ಐಪಿ ನಂಬರ್, ಕಾಯಿಲೆ ಅಥವಾ ಆಪರೇಷನ್ ಆಗಿ ಎಷ್ಟನೇ ದಿನ, ಅಲರ್ಜಿ, ಕ್ಯಾನುಲಾ ಹಾಕಿದ ತಾರೀಖು, ಡ್ರೈನ್, ಕ್ಯಾಥೆಟರ್, ಬಾಕಿ ಇರೋ ವರದಿ, ಮುಂದಿನ ಔಷಧದ ಹೊತ್ತು. ಹಿಂದಿನ ಪಾಳಿಯವರು "ಎಲ್ಲಾ ಚೆನ್ನಾಗಿದೆ" ಅಂದ್ರೂ ಮೂರು ನಿಮ್ಮ ಕಣ್ಣಿಂದಲೇ ನೋಡಿ: ಕ್ಯಾನುಲಾ ಜಾಗ ಊದಿದೆಯಾ, ಪಂಪಿನಲ್ಲಿ ಓಡ್ತಿರೋ ಔಷಧವೂ ವೇಗವೂ ಆರ್ಡರ್ ಶೀಟಿಗೆ ಹೊಂದತ್ತಾ, ಬ್ಯಾಗಿನಲ್ಲಿ ಎಷ್ಟು ಯೂರಿನ್ ಇದೆ. ಅವರು ಮನೆಗೆ ಹೋದ ಮೇಲೆ ಊದಿದ ಕೈ ಕಂಡ್ರೆ ಉತ್ತರ ಕೊಡಬೇಕಾದ್ದು ನೀವು.

ಬರೆಯೋದು ಮಾಡಿದ ಮೇಲೆ, ಮಾಡೋ ಮೊದಲಲ್ಲ. 10 ಗಂಟೆ ಔಷಧಕ್ಕೆ 9ಕ್ಕೇ ಸಹಿ ಹಾಕಿಟ್ರೆ, ಆ ಮಧ್ಯೆ ವಾಂತಿ ಆಗಿ ಔಷಧ ನಿಲ್ಲಿಸಿದ್ರೆ ದಾಖಲೆ ಸುಳ್ಳಾಗತ್ತೆ. ತಪ್ಪಾದ್ರೆ ವೈಟ್ನರ್ ಬೇಡ, ಒಂದು ಗೆರೆ ಎಳೆದು ಪಕ್ಕದಲ್ಲಿ ಸಹಿ.

ಕುಡ್ಲ_ಬ್ರದರ್
ರಕ್ತ ಕೊಡುವುದು ಬಿಟ್ಟುಹೋಯ್ತು. ಬ್ಲಡ್ ಬ್ಯಾಂಕಿನಿಂದ ಬಂದ ಅರ್ಧ ಗಂಟೆ ಒಳಗೆ ಶುರು, ನಾಲ್ಕು ಗಂಟೆ ಒಳಗೆ ಮುಗೀಬೇಕು. ಫ್ರಿಜ್ಜಿನಲ್ಲಿ ಇಟ್ಟು ಆಮೇಲೆ ಕೊಡುವ ಅಂತ ಇಲ್ಲ, ವಾರ್ಡಿನ ಫ್ರಿಜ್ ಅದಕ್ಕೆ ಅಲ್ಲ. ಇಬ್ಬರು ಸೇರಿ ಹೆಸರು, ಐಪಿ ನಂಬರ್, ಗುಂಪು, ಚೀಲದ ನಂಬರ್, ಅವಧಿ ನೋಡಿ ಇಬ್ಬರೂ ಸಹಿ. ಮೊದಲ 15 ನಿಮಿಷ ನಿಧಾನ ಬಿಟ್ಟು ಅಲ್ಲೇ ಇರಿ. ಚಳಿ, ಬೆನ್ನುನೋವು, ಮೈ ತುರಿಕೆ ಅಂದ್ರೆ ತಕ್ಷಣ ನಿಲ್ಲಿಸಿ, ಸೆಟ್ ಬದಲಿಸಿ ಸಲೈನ್ ಹಾಕಿ, ಡಾಕ್ಟರನ್ನು ಕರೀರಿ. ಚೀಲ ಬಿಸಾಡಬೇಡಿ, ಬ್ಲಡ್ ಬ್ಯಾಂಕಿಗೆ ವಾಪಸ್ ಕಳಿಸಬೇಕು.

ಸೋಂಕು_ನಿಯಂತ್ರಣ
ಶೂ ಬಗ್ಗೆಯೂ ಹೇಳಿ ಯಾರಾದ್ರೂ. ಕಾಲು ಪೂರ್ತಿ ಮುಚ್ಚೋ, ಜಾರದ, ತೊಳೆಯಬಹುದಾದ ಶೂ ಬೇಕು. ತೂತಿರೋ ಚಪ್ಪಲಿ ಮೇಲೆ ಸೂಜಿ ಬಿದ್ರೆ ನೇರ ಕಾಲಿಗೆ. ಉಂಗುರ, ಬಳೆ ಮನೇಲಿ ಬಿಡಿ, ಅದರ ಕೆಳಗೆ ಕೈ ತೊಳೆಯೋಕೆ ಆಗಲ್ಲ.

ಹಾಸನದ_ಹೊಸಬಿ
ಎಲ್ಲ ಬರ್ಕೊಂಡೆ. ಜನರಲ್ ವಾರ್ಡ್ ಅಂತ ಹೇಳ್ತೀನಿ, ಓರಿಯೆಂಟೇಶನ್ ಬಗ್ಗೆ ನಾಳೆಯೇ ಕೇಳ್ತೀನಿ. ಕೊನೇ ಪ್ರಶ್ನೆ. ರಾತ್ರಿ 3 ಗಂಟೆಗೆ ಪೇಷಂಟ್ ಸರಿ ಇಲ್ಲ ಅನ್ನಿಸತ್ತೆ, ಡ್ಯೂಟಿ ಡಾಕ್ಟರ್ ಫೋನ್ ಎತ್ತಲ್ಲ, ಎತ್ತಿದ್ರೂ "ಬೆಳಿಗ್ಗೆ ನೋಡೋಣ" ಅಂತಾರೆ. ಆಗ?

ಹುಬ್ಬಳ್ಳಿ_ಐಸಿಯು
ಮದಲ ಫೋನ್ ಮಾಡೂಕಿಂತ ಮುಂಚೆ ಕೇಸ್ ಶೀಟ್ ಕೈಯಾಗ ಹಿಡೀರಿ. "ಸರ್, ಪೇಷಂಟ್ ಒಂಥರಾ ಅದಾರ" ಅಂದ್ರ ಅವರಿಗೆ ಏನೂ ತಿಳಿಯೂದಿಲ್ಲ. ಹಿಂಗ ಹೇಳ್ರಿ: "12ನೇ ಹಾಸಿಗಿ, 58 ವರ್ಷ, ನಿನ್ನೆ ಹೊಟ್ಟಿ ಆಪರೇಷನ್ ಆಗೈತಿ. ಬಿಪಿ 90/60, ಸಂಜಿಗೆ 120 ಇತ್ತು. ನಾಡಿ 124, ಉಸಿರು 28, ಎರಡ ತಾಸಿನಾಗ ಯೂರಿನ್ 20 ಎಂಎಲ್. ಒಳಗ ರಕ್ತ ಸೋರಾಕತ್ತೈತಿ ಅನಸ್ತೈತಿ. ನೀವು ಈಗ ಬಂದು ನೋಡಬೇಕು. ಬರೂದರಾಗ ಸಲೈನ್ ಜೋರ ಬಿಡ್ಲೇನು?" ಏನು ಬೇಕು ಅನ್ನೂದನ್ನ ಬಾಯಿ ಬಿಟ್ಟು ಕೇಳ್ರಿ. ಫೋನಿನ್ಯಾಗ ಹೇಳಿದ್ದನ್ನ ಬರದು, ತಿರುಗಿ ಓದಿ ಹೇಳಿ, ಹೌದು ಅನ್ನಿಸಿಕೋರಿ.

ರಾತ್ರಿ_ಪಾಳಿ
ಎತ್ತಲಿಲ್ಲ ಅಂದ್ರೆ ಐದು ನಿಮಿಷಕ್ಕೆ ಮತ್ತೆ. ಆಮೇಲೆ ರಾತ್ರಿ ಸೂಪರ್‌ವೈಸರ್, ಆಮೇಲೆ ಐಸಿಯು ಅಥವಾ ಕ್ಯಾಶುವಾಲ್ಟಿ ಡಾಕ್ಟರ್, ಆಮೇಲೆ ಆ ಪೇಷಂಟಿನ ಕನ್ಸಲ್ಟೆಂಟಿಗೇ ಫೋನ್. ನಾಡಿ ಸಿಗ್ತಿಲ್ಲ, ಉಸಿರಿಲ್ಲ ಅಂದ್ರೆ ಯಾರಿಗೂ ಕಾಯಬೇಡಿ, ಕೋಡ್ ಬ್ಲೂ (ಹೃದಯ ನಿಂತಾಗಿನ ತುರ್ತು ಕರೆ) ಕೂಗಿ ಎದೆ ಒತ್ತಕ್ಕೆ ಶುರು ಮಾಡಿ. 30 ಒತ್ತು, 2 ಉಸಿರು, ನಿಮಿಷಕ್ಕೆ 100ರಿಂದ 120, ಆಳ 5 ಸೆಂಟಿಮೀಟರ್, 6 ದಾಟಬಾರದು.

ಮಲೆನಾಡ_ಸಿಸ್ಟರ್
ಪ್ರತಿ ಫೋನಿನ ಹೊತ್ತು, ಯಾರಿಗೆ, ಏನು ಹೇಳಿದ್ರಿ, ಅವರು ಏನಂದ್ರು ಅನ್ನೋದು ನರ್ಸಸ್ ನೋಟ್ಸಿನಲ್ಲಿ ಬರಲಿ. "03:10 ಡ್ಯೂಟಿ ಡಾಕ್ಟರಿಗೆ ಕರೆ, ಉತ್ತರವಿಲ್ಲ. 03:15 ಮತ್ತೆ ಕರೆ, ಉತ್ತರವಿಲ್ಲ. 03:17 ಸೂಪರ್‌ವೈಸರಿಗೆ ತಿಳಿಸಲಾಯಿತು." ಬೇರೇನೂ ಸೇರಿಸೋದು ಬೇಡ, ಯಾರನ್ನೂ ದೂರೋದೂ ಬೇಡ. ಆ ನಡುವೆ ಪೇಷಂಟ್ ಪಕ್ಕದಲ್ಲಿ ಇನ್ನೊಬ್ಬರನ್ನ ನಿಲ್ಲಿಸಿ, 15 ನಿಮಿಷಕ್ಕೊಮ್ಮೆ ವೈಟಲ್ಸ್ ನೋಡ್ತಾ ಇರಿ.